ಮಾತೋಶ್ರೀ ಸಿದ್ದಲಿಂಗಪ್ಪನವರಿಗೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಮನುಷ್ಯರ ಜೊತೆಗೆ ಕಂಪ್ಯೂಟರುಗಳಿಗೂ ನೆಗಡಿ ಬರುತ್ತದೆ. ಕೆಂಪು ಧೂಳು ಡಬ್ಬಿಯೊಳಗೆ ಸೇರಿ, ಫ್ಯಾನು ನಾಲ್ಕು ದಿನ ಗೊರಗೊರ ಎಂದು, ಐದನೆಯ ದಿನ ಗಪ್ಪಾಗುತ್ತದೆ. ಆಗ ನಿರ್ಮಲಾ ಬರಬೇಕು. ಮೂಗಿಗೆ ಒದ್ದೆ ವಸ್ತ್ರ ಕಟ್ಟಿ, ಸೆರಗು ಸೊಂಟಕ್ಕೆ ಸಿಗಿಸಿ, ಸ್ಕ್ರೂ ಬಿಚ್ಚಿ ಧೂಳು ಊದಿ, ಅರ್ಧ ತಾಸಿನಲ್ಲಿ ಯಂತ್ರವನ್ನು ಎಬ್ಬಿಸಿ ಕೂರಿಸುತ್ತಿದ್ದಳು. ಮನೆಗೆ ಬಂದ ಮೇಲೆ ಕೈಗೆ ಎಣ್ಣೆ ಹಚ್ಚಿ ತೊಳೆದುಕೊಳ್ಳದೆ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಅದು ಅತ್ತೆ ಶೇಖವ್ವನ ಕಾನೂನು.

ದಲ್ಲಾಳಿ ಅಂಗಡಿಗಳ ಕೆಲಸ ಸುಗ್ಗಿಗೆ ಮಾತ್ರ. ವರ್ಷಪೂರ್ತಿ ಅವಳ ಕೈ ಹಿಡಿದದ್ದು ಹಾವೇರಿಯ ಒಂದು ಪತ್ತಿನ ಸಹಕಾರಿ ಸಂಘ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ, ಮೂರೂ ಶಾಖೆಗಳ ಕಂಪ್ಯೂಟರುಗಳನ್ನು ಐದು ವರ್ಷಗಳಿಂದ ಅವಳೇ ನೋಡಿಕೊಳ್ಳುತ್ತಿದ್ದಳು. ಗಂಡ ದುರ್ಗೇಶ ಕೋಲ್ಡ್ ಸ್ಟೋರೇಜಿನಲ್ಲಿ ಚೀಲಗಳ ಲೆಕ್ಕ ನೋಡುವವನು. "ನನ್ನ ಹೇಣ್ತಿ ಮೂರು ಊರಿನ ಡಾಕ್ಟ್ರು" ಎಂದು ಚಹಾದಂಗಡಿಯಲ್ಲಿ ಹೇಳಿಕೊಳ್ಳುವುದೆಂದರೆ ಅವನಿಗೆ ಹಬ್ಬ.

ಎರಡು ಸಾವಿರದ ಏಳರ ಫೆಬ್ರುವರಿಯಲ್ಲಿ ಆ ಡಾಕ್ಟರಿಗೇ ಜ್ವರ ಬಂತು. ಸಂಘದ ಹೊಸ ವ್ಯವಸ್ಥಾಪಕರು ವಿಜಯಮಹಾಂತೇಶ ಎಂಬವರು ಅವಳನ್ನು ಕರೆದು ಒಂದು ಪತ್ರ ಕೊಟ್ಟರು. ಕಂಪ್ಯೂಟರ್ ನೋಡಿಕೊಳ್ಳುವವರು ಆಫೀಸ್ ಸಾಫ್ಟ್‌ವೇರಿನ ಪರೀಕ್ಷೆ ಪಾಸಾಗಿ, ಜೂನ್ ಮುಗಿಯುವುದರೊಳಗೆ ಸರ್ಟಿಫಿಕೇಟು ತಂದು ಒಪ್ಪಿಸಬೇಕು. ತಂದರೆ ಕಾಯಂ ನೌಕರಿ. ತರದಿದ್ದರೆ ಜುಲೈಯಿಂದ ಬೇರೆಯವರು.

ರಾತ್ರಿ ಊಟಕ್ಕೆ ಕುಳಿತಾಗ ಪತ್ರ ಎಲ್ಲರ ಕೈ ಸುತ್ತಿತು. ಶೇಖವ್ವನಿಗೆ ಅಕ್ಷರ ಬರದಿದ್ದರೂ ಆಕೆಯೂ ಒಮ್ಮೆ ತಿರುವಿ ನೋಡಿ, ರೊಟ್ಟಿ ಬುಟ್ಟಿಯ ಪಕ್ಕ ಇಟ್ಟಳು.

"ಐದು ವರ್ಷ ದುಡಿಸ್ಕೊಂಡು ಈಗ ಕೆಲಸ ಬರ್ತೈತೇನು ಅಂತ ಕೇಳ್ತಾರೇನು? ನಾನು ನಲವತ್ತು ವರ್ಷದಿಂದ ರೊಟ್ಟಿ ಬಡಿಯಾಕತ್ತೇನಿ, ಸರ್ಟಿಫಿಕೇಟ ತಾ ಅಂತ ಯಾರರ ಅಂದಾರ?"

ನಾದಿನಿ ಮೇಘಾ ಖಾಸಗಿ ಶಾಲೆಯಲ್ಲಿ ಟೀಚರು. ಆ ಪರೀಕ್ಷೆಯನ್ನು ಎರಡು ವರ್ಷದ ಹಿಂದೆಯೇ ಪಾಸಾದವಳು. "ಅವ್ವಾ, ಅದು ರಿಪೇರಿ ಪರೀಕ್ಷಾ ಅಲ್ಲ. ಪತ್ರ ಬರಿಯೂದು, ಪಟ್ಟಿ ಮಾಡೂದು, ಅದರದು. ವೈನಿ, ಎರಡು ತಿಂಗಳ ಕೋರ್ಸ್ ಐತಿ, ರಾಣೇಬೆನ್ನೂರಾಗ ಸೇರ್‍ರಿ."

"ಪತ್ರ ಬರಿಯೂದು ಕ್ಲಾರ್ಕರ ಕೆಲಸ, ಯಂತ್ರ ನಡಿಸೂದು ನಂದು" ಎಂದಳು ನಿರ್ಮಲಾ. "ಬಸ್ಸಿನ ಮೆಕ್ಯಾನಿಕ್ಕಗ ಟಿಕೀಟ ಹರಿಯೂದು ಕಲಿ ಅಂದ್ರ ಹೆಂಗ?"

ಮಾತು ಖಡಕ್ಕಾಗಿಯೇ ಇತ್ತು. ಆದರೆ ಅದರೊಳಗೆ ಅರ್ಧ ಸೊಕ್ಕು, ಅರ್ಧ ಹೆದರಿಕೆ. ನಿರ್ಮಲಾ ಎಸ್ಸೆಸ್ಸೆಲ್ಸಿಯಲ್ಲಿ ಉತ್ತರ ಗೊತ್ತಿದ್ದೂ ಗಂಟೆ ಬಾರಿಸಿದೊಡನೆ ಕೈ ನಡುಗಿ ಎರಡು ಸಲ ನಪಾಸಾದವಳು. ಐಟಿಐಯಲ್ಲಿ ಬೆಸುಗೆ ಹಾಕುವ ಕೈ ಅವಳನ್ನು ದಾಟಿಸಿತ್ತು. ಇನ್ನೊಮ್ಮೆ ಬೆಂಚಿನ ಮೇಲೆ ಕೂರುವುದಿಲ್ಲವೆಂದು ಅಂದೇ ಗಟ್ಟಿ ಮಾಡಿಕೊಂಡಿದ್ದಳು. ಇದನ್ನು ಆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮಾವ ಮಾಲತೇಶಪ್ಪ ಪುಂಡಿಪಲ್ಯ ಇನ್ನಷ್ಟು ಹಾಕಿಸಿಕೊಂಡು ಊಟ ಮುಂದುವರಿಸಿದ.

ಮಾರ್ಚ್ ಕೊನೆಗೆ ಮೇಘಾಳ ಮದುವೆ ಗೊತ್ತಾಯಿತು. ಹುಡುಗ ಮೋಟೆಬೆನ್ನೂರಿನವನು, ಮುಹೂರ್ತ ಮೇ ತಿಂಗಳಲ್ಲಿ. ಮನೆಯಲ್ಲಿ ಸರ್ಟಿಫಿಕೇಟಿನ ಮಾತು ಹಿಂದೆ ಸರಿದು ಶ್ಯಾವಿಗೆ, ಹಪ್ಪಳ, ಸಂಡಿಗೆಯ ಮಾತು ಮುಂದೆ ಬಂತು. ಲಗ್ನಪತ್ರಿಕೆ ಅಚ್ಚಾಗಿ ಬಂದ ದಿನ ದುರ್ಗೇಶ ಇನ್ನೂರಾ ನಲವತ್ತು ಲಕೋಟೆಗಳನ್ನು ನೋಡಿ ಹೆದರಿದ.

"ಇಷ್ಟಕ್ಕೂ ವಿಳಾಸ ಬರಿಯೂದಂದ್ರ ನನ್ನ ಕೈ ಬಿದ್ದು ಹೋಗ್ತೈತಿ."

"ಕಂಪ್ಯೂಟರ್ ಯಾಕ ಐತಿ? ಪಟ್ಟಿ ಹಾಕಿ ಸ್ಟಿಕರ್ ತಗಿಸಿದ್ರಾತು" ಎಂದಳು ನಿರ್ಮಲಾ. ಸಂಘದ ಗುಮಾಸ್ತರು ನೋಟೀಸು ಕಳಿಸುವಾಗ ಹೀಗೆ ಮಾಡುವುದನ್ನು ಅವಳು ಹಿಂದೆ ನಿಂತು ನೋಡಿದ್ದಳು. ನೋಡಿದ್ದು ಬಂದೇ ಬರುತ್ತದೆ ಎಂಬ ಧೈರ್ಯ.

"ನಾ ಮಾಡ್ಲೇನ ವೈನಿ?" ಎಂದು ಮೇಘಾ ಕೇಳಿದಳು.

"ಮದುಮಗಳು ತನ್ನ ಲಗ್ನದ ವಿಳಾಸ ತಾನ ಬರೀತಾಳೇನು? ಸುಮ್ನ ಕುಂದ್ರು."

ಹಳೆಯ ಭಾಗಗಳನ್ನು ಕೂಡಿಸಿ ಅವಳೇ ಕಟ್ಟಿದ ಕಂಪ್ಯೂಟರ್ ನಡುಮನೆಯಲ್ಲಿತ್ತು. ಅದರಲ್ಲಿ ಒಂದು ಕಾಲಮಿನಲ್ಲಿ ಹೆಸರು, ಇನ್ನೊಂದರಲ್ಲಿ ಊರು ಎಂದು ಎರಡು ದಿನ ಕುಟ್ಟಿದಳು. ಮುಗಿಯಿತು ಅನ್ನುವಷ್ಟರಲ್ಲಿ ಮಾವ ಬಂದು ಕನ್ನಡಕ ಏರಿಸಿ ಪರದೆಯನ್ನು ನೋಡಿದ.

"ಇದೇನವಾ, ಎಲ್ಲಾರ ಹೆಸರೂ ಬೋಳ ಬೋಳ ಅದಾವು? ಹಿರ್‍ಯಾರಿಗೆ ತೀರ್ಥರೂಪ, ಹಿರೇ ಹೆಣ್ಮಕ್ಕಳಿಗೆ ಮಾತೋಶ್ರೀ, ಸಣ್ಣ ಮುತ್ತೈದೇರಿಗೆ ಚಿರಂಜೀವಿ ಸೌಭಾಗ್ಯವತಿ, ಮಠದ ಅಜ್ಜಾರಿಗೆ ಪರಮಪೂಜ್ಯ. ಅದಿಲ್ಲಂದ್ರ ಅದು ಲಗ್ನಪತ್ರಿಕಿ ಅಲ್ಲ, ಕರೆಂಟ್ ಬಿಲ್ಲು."

ಮಾವನ ಮಾತು ನ್ಯಾಯವೇ. ನಿರ್ಮಲಾ ಊರಿನ ಕಾಲಮಿನ ಪಕ್ಕ ಕಣ್ಣಿಗೆ ಚೊಕ್ಕ ಕಾಣಲೆಂದು ಒಂದು ಕಾಲಮು ಖಾಲಿ ಬಿಟ್ಟು, ಅದರಾಚೆ ಒಬ್ಬೊಬ್ಬರ ಮರ್ಯಾದೆಯನ್ನೂ ಹೊಡೆದಳು. ಕೊನೆಗೆ, ಅಂಚೆಯವರಿಗೆ ಸಲೀಸಾಗಲೆಂದು ಪಟ್ಟಿಯನ್ನು ಊರಿನ ಪ್ರಕಾರ ಜೋಡಿಸುವ ಗುಂಡಿ ಒತ್ತಿದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಐರಣಿಯವರೆಲ್ಲ ಒಂದು ಕಡೆ, ಕದರಮಂಡಲಗಿಯವರೆಲ್ಲ ಒಂದು ಕಡೆ. ಯಂತ್ರದ ಬೆನ್ನು ತಟ್ಟಿ, ಸ್ಟಿಕರ್ ಅಚ್ಚು ಹಾಕಿಸಲು ದುರ್ಗೇಶನನ್ನು ಕಳಿಸಿದಳು.

ಅಂಟಿಸುವ ಕೆಲಸಕ್ಕೆ ಶೇಖವ್ವ ಓಣಿಯ ಖತೀಜಾಬಿಯನ್ನೂ ಮೈಲವ್ವನನ್ನೂ ಕರೆದಳು. ಮೂವರೂ ಹಪ್ಪಳ ಒಣಹಾಕಿದ ಹಾಗೆ ಸಾಲಾಗಿ ಲಕೋಟೆ ಹರವಿ, ಹಾಡು ಹೇಳುತ್ತ, ಒಂದೂ ಸೊಟ್ಟಾಗದಂತೆ ಅಂಟಿಸಿದರು. ಮೂವರಲ್ಲಿ ಒಬ್ಬರಿಗೂ ಓದು ಬರುತ್ತಿರಲಿಲ್ಲ. ದುರ್ಗೇಶ ಚೀಲದಲ್ಲಿ ತುಂಬಿ ಅಂಚೆಗೆ ಹಾಕಿ ಬಂದ.

ನಾಲ್ಕನೆಯ ದಿನ ಬೆಳಿಗ್ಗೆ ಐರಣಿಯಿಂದ ಫೋನು ಬಂತು. ಶೇಖವ್ವನ ಅಣ್ಣ ಸಿದ್ದಲಿಂಗಪ್ಪ. ಗಿರಿಜಾಮೀಸೆಯ, ಎತ್ತರದ ಆಳು. ಹೊಳೆ ದಂಡೆಯಲ್ಲಿ ನಿಂತು ಕೆಮ್ಮಿದರೆ ಆಚೆ ದಂಡೆಗೆ ಕೇಳಬೇಕು. ಆತನ ದನಿ ಫೋನಿನಿಂದ ಹೊರಗೆ ಬಂದು ನಡುಮನೆಯಲ್ಲೇ ನಿಂತಿತು.

"ಶೇಖವ್ವಾ, ನಾ ಯಾವಾಗ ಹೆಂಗಸಾದ್ನಿ?"

"ಯಣ್ಣಾ, ಮುಂಜಾನಿ ಮುಂಜಾನಿ ಏನಾತೋ ನಿನಗ?"

"ಏನಾತಾ? ನಿನ್ನ ಮಗಳ ಲಗ್ನಪತ್ರಿಕಿ ಬಂದೈತಿ. ಮಾತೋಶ್ರೀ ಸಿದ್ದಲಿಂಗಪ್ಪನವರಿಗೆ! ಪೋಸ್ಟಮನ್ ಕಟ್ಟಿ ಮ್ಯಾಲ ನಿಂತು ಊರಿಗೆಲ್ಲಾ ಕೇಳೂಹಂಗ ಓದ್ಯಾನ. ನಾ ಲಗ್ನಕ್ಕ ಪಂಚೆ ಉಡ್ಲೋ ಸೀರಿ ಉಡ್ಲೋ, ಅದೊಂದು ಹೇಳಿಬಿಡು!"

ಶೇಖವ್ವ ಫೋನು ಇಟ್ಟಳೋ ಇಲ್ಲವೋ, ಬಾಗಿಲಲ್ಲಿ ಲೈನ್‌ಮನ್ ನಗುತ್ತ ನಿಂತಿದ್ದ. ಅವನ ಲಕೋಟೆಯ ಮೇಲೆ ಪರಮಪೂಜ್ಯ ಎಂದಿತ್ತು. ಹಿಟ್ಟಿನ ಗಿರಣಿಯ ಎಂಬತ್ತರ ಮುದುಕ ಚಿರಂಜೀವಿಯಾಗಿದ್ದ. ಮಠದ ಅಜ್ಜನವರು ಬರೀ 'ಕುಮಾರ' ಆಗಿದ್ದರು.

ಮೇಘಾ ಓಡಿ ಹೋಗಿ ಕಂಪ್ಯೂಟರ್ ತೆರೆದು ಪಟ್ಟಿ ನೋಡಿದಳು. "ವೈನಿ, ನಡುವ ಖಾಲಿ ಕಾಲಮ್ ಬಿಟ್ಟೀರಿ. ಖಾಲಿ ಕಂಡ್ಕೂಡ್ಲೆ ಪಟ್ಟಿ ಅಲ್ಲಿಗೇ ಮುಗೀತು ಅಂತ ಯಂತ್ರ ತಿಳ್ಕೊಂಡೈತಿ. ಹೆಸರು, ಊರು ಜಾಗಾ ಬಿಟ್ಟು ಓಡ್ಯಾಡ್ಯಾವು. ಮರ್ಯಾದಿ ಮಾತ್ರ ಇದ್ದಲ್ಲೇ ನಿಂತಾವು."

"ಊರ ಮುಂದ ನಮ್ಮ ಮರ್ಯಾದಿನೂ ಅಲ್ಲೇ ನಿಂತೈತಿ!" ಶೇಖವ್ವ ಹಣೆ ಹಣೆ ಬಡಿದುಕೊಂಡಳು. "ನನ್ನ ಅಣ್ಣ ಲಗ್ನಕ್ಕ ಬರಲಿಲ್ಲಂದ್ರ ಮೇಘಾಗ ಸೋದರಮಾವನ ಕಡೆಯ ಸೀರಿ ಯಾರು ತರ್ತಾರ? ಬಾರದ ಕೆಲಸಕ್ಕ ಯಾಕ ಕೈ ಹಾಕಿದಿ ನೀನು?"

"ನೀವ ಅಂದ್ರಲ್ರೀ ಅತ್ತಿ, ಪರೀಕ್ಷಾ ಯಾಕ, ಎಲ್ಲಾ ಬರ್ತೈತಿ ಅಂತ."

"ನಾ ಅಂದೆ. ನಿನಗ ಬುದ್ಧಿ ಎಲ್ಲಿಗೆ ಹೋಗಿತ್ತು?"

ದುರ್ಗೇಶ ಲೈನ್‌ಮನ್ನನ ಲಕೋಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ನಗುತ್ತಿದ್ದ. ಅವನ ಹೆಗಲು ಕುಣಿಯುವುದನ್ನು ನೋಡಿ ನಿರ್ಮಲಾಳಿಗೆ ಅಳುವೇ ಬಂತು. ಅಡಿಗೆಮನೆಗೆ ಹೋಗಿ ಕೊಡದ ಪಕ್ಕ ಕುಳಿತು, ಮುಚ್ಚಿಟ್ಟದ್ದನ್ನೆಲ್ಲ ಹೊರಗೆ ಹಾಕಿದಳು. ಎರಡು ಸಲ ನಪಾಸಾದದ್ದು, ಗಂಟೆಯ ಸದ್ದಿಗೆ ಕೈ ನಡುಗುವುದು, ಎಲ್ಲ. "ನನಗ ಪರೀಕ್ಷಾ ಅಂದ್ರ ಜೀವ ಹೋಗ್ತೈತ್ರಿ. ಸೊಕ್ಕಿಲ್ಲ ನನಗ, ಹೆದರಿಕಿ."

ನಗೆ, ಜಗಳ ಎರಡೂ ನಿಂತವು. ಮಾಲತೇಶಪ್ಪ ಹೊಸ್ತಿಲ ಮೇಲೆ ಕುಳಿತ. ನಲವತ್ತು ವರ್ಷ ಮಾರುಕಟ್ಟೆಯಲ್ಲಿ ತೂಕ ಮಾಡಿದ ಮನುಷ್ಯ. ಮಾತು ಕಡಿಮೆ, ಆಡಿದರೆ ಸರಿಯಾಗಿ ತೂಗಿ ಆಡುವವನು.

"ನಿರ್ಮಲಾ, ಚೀಲ ಎತ್ತಿದ್ರ ಎಷ್ಟು ಕೇಜಿ ಅಂತ ನನ್ನ ಕೈಗೆ ಗೊತ್ತಾಗ್ತಿತ್ತು. ಆದ್ರ ದೂರದ ಊರಿಂದ ಬಂದ ರೈತಗ ನನ್ನ ಕೈ ಏನ್ ಗೊತ್ತವಾ? ಅವ ನನ್ನ ಎದಿ ಮ್ಯಾಲಿನ ಲೈಸನ್ಸ್ ಬಿಲ್ಲೆ ನೋಡಿ ಚೀಲ ಇಳಸ್ತಿದ್ದ. ಆ ಬಿಲ್ಲೆ ನನಗಲ್ಲ, ಅವನ ಸಮಾಧಾನಕ್ಕ ಇತ್ತು. ಇನ್ನೊಂದು ಹೇಳ್ತೇನಿ, ನಿಮ್ಮ ಅತ್ತಿಗೂ ಗೊತ್ತಿಲ್ಲ. ಲೈಸನ್ಸಿಗೆ ಪರೀಕ್ಷಾ ಕೊಡಾಕ ಹೋದಾಗ ಗೊತ್ತಾತು, ಎರಡು ವರ್ಷದಿಂದ ನಾ ತಕ್ಕಡಿ ಹಿಡಿಯೂದ ತಪ್ಪಿತ್ತು ಅಂತ."

"ನೀವೂ ನಪಾಸ ಆಗಿದ್ರೇನ್ರಿ ಮಾವಾರ?"

"ಒಮ್ಮೆ" ಎಂದು ಮಾಲತೇಶಪ್ಪ ಹೆಂಡತಿಯ ಕಡೆ ನೋಡದೆ ಹೇಳಿದ.

"ಅಯ್ಯ, ಮೂವತ್ತೈದು ವರ್ಷ ಸಂಸಾರ ಮಾಡೇನಿ, ಒಂದ ದಿನಾ ಬಾಯಿ ಬಿಟ್ಟಿಲ್ಲ ನೋಡು ಈ ಮನಶ್ಯಾ!" ಎಂದು ಶೇಖವ್ವ ಸೆರಗಿನಿಂದ ಸೊಸೆಯ ಮುಖ ಒರೆಸಿದಳು. "ಏಳವಾ, ಮಾರಿ ತೊಳಕೊ. ಬಸ್ ಹಿಡಿಯೂಣು. ಮೊದ್ಲ ನನ್ನ ಅಣ್ಣನ್ನ ಗಂಡಸ ಮಾಡಿ ಬರೂಣು."

ಹತ್ತಿರದವರನ್ನು ಮನೆಗೇ ಹೋಗಿ ಅಕ್ಷತೆ ಕೊಟ್ಟು ಕರೆಯುವುದು ಹೇಗೂ ಇತ್ತು. ಅದನ್ನೇ ಹದಿನೈದು ದಿನ ಮೊದಲು ಮಾಡಿದರು. ಐರಣಿಯಲ್ಲಿ ನಿರ್ಮಲಾ ಸಿದ್ದಲಿಂಗಪ್ಪನ ಕಾಲಿಗೆ ಬಿದ್ದು, ತಾನೇ ಕೈಯಿಂದ ಬರೆದ ಹೊಸ ಲಕೋಟೆ ಕೊಟ್ಟಳು. ಆತ ಕನ್ನಡಕ ಹಾಕಿ 'ತೀರ್ಥರೂಪ' ಎಂಬುದನ್ನು ಎರಡು ಸಲ ಓದಿ ಮೀಸೆ ಸವರಿಕೊಂಡ. ಮೀಸೆಯ ಕೆಳಗೆ ನಗೆ ತಡೆಯದಾಯಿತು. "ನಿನ್ನೆಯಿಂದ ನನ್ನ ಹೇಣ್ತಿ ನನ್ನ ಮಾತೋಶ್ರೀ ಅಂತ ಕರೀಲಿಕ್ಕತ್ತಾಳ ನೋಡವಾ. ಊಟಕ್ಕ ಏಳ್ರಿ ಮಾತೋಶ್ರೀ ಅಂತಾಳ. ಸೀರಿ ತರ್ತೇನಿ, ಚಿಂತಿ ಮಾಡಬ್ಯಾಡ. ನನಗಲ್ಲ, ಮೇಘಾಗ." ಉಣ್ಣದೆ ಹೋಗಗೊಡಲಿಲ್ಲ.

ಕದರಮಂಡಲಗಿಗೆ ಹೋಗುವಾಗ ಮಾತ್ರ ಇಬ್ಬರ ಎದೆಯೂ ಭಾರವಾಗಿತ್ತು. ಅಲ್ಲಿದ್ದವಳು ದೇವವ್ವ, ಮಾಲತೇಶಪ್ಪನ ದೂರದ ತಂಗಿ. ಗಂಡ ತೀರಿ ಹದಿನೆಂಟು ವರ್ಷ. ಅವಳ ಲಕೋಟೆಗೆ ಬಿದ್ದಿದ್ದು 'ಚಿರಂಜೀವಿ ಸೌಭಾಗ್ಯವತಿ'. ಚುಚ್ಚಿದ ಹಾಗಾಯಿತಲ್ಲ ಎಂದು ದಾರಿಯುದ್ದಕ್ಕೂ ನಿರ್ಮಲಾ ಸಂಕಟಪಟ್ಟಳು. ಹೊಸ ಲಕೋಟೆ ಮುಂದೆ ಹಿಡಿದು, "ತಪ್ಪಾಗೇತ್ರಿ, ಹಳೇದು ಕೊಟ್ಟುಬಿಡ್ರಿ" ಎಂದಳು.

ದೇವವ್ವ ಕೊಡಲಿಲ್ಲ. "ತಪ್ಪಾಗೇತಿ ಅಂತ ನನಗೂ ಗೊತ್ತಾತವಾ. ಆದ್ರೂ ಪೋಸ್ಟಮನ್‌ಗ ಇನ್ನೊಮ್ಮೆ ಓದು ಅಂದೆ. ಇಷ್ಟು ವರ್ಷದಾಗ ನನ್ನ ಹಂಗ ಯಾರೂ ಕರೆದಿಲ್ಲ. ಗಂಡ ಹೋದ್ರ ಸೌಭಾಗ್ಯ ಹೋತು ಅಂತಾರ. ನನಗ ಮೂರು ಎಮ್ಮಿ ಅದಾವು, ಮಗಾ ಚಲೋ ಅದಾನ, ಎರಡು ಹೊತ್ತು ಉಣ್ತೇನಿ. ನಾ ಯಾಕ ಸೌಭಾಗ್ಯವತಿ ಅಲ್ಲ? ಪೆಟಿಗ್ಯಾಗ ಇಟ್ಟೇನಿ. ಹೊಸಾದೂ ಕೊಡು, ಎರಡೂ ಇರ್‍ಲಿ."

ಶೇಖವ್ವ ದೇವವ್ವನ ಎರಡೂ ಕೈ ಹಿಡಿದು, "ಲಗ್ನದಾಗ ಹಿಂದ ನಿಂತೀ ಅಂದ್ರ ನೋಡು. ಮುಂದ ನಿಂತು ಅಕ್ಕಿಕಾಳು ಹಾಕಬೇಕು" ಎಂದಳು. ವಾಪಸು ಬರುವ ಬಸ್ಸಿನಲ್ಲಿ ನಿರ್ಮಲಾಳಿಗೆ ಕಿಟಕಿಯ ಗಾಳಿ ಹಿತವಾಗಿತ್ತು. "ಅತ್ತಿ, ನಾಳಿಂದ ಕ್ಲಾಸಿಗೆ ಹೋಗ್ತೇನಿ" ಎಂದಳು.

ರಾಣೇಬೆನ್ನೂರಿನ ಯೂಸುಫಸಾಬರು ಮೊದಲು ಟೈಪಿಂಗ್ ಕಲಿಸುತ್ತಿದ್ದವರು, ಈಗ ಅದೇ ಕೋಣೆಯಲ್ಲಿ ಕಂಪ್ಯೂಟರ್. ಅವಳ ಖಾಲಿ ಕಾಲಮಿನ ಕಥೆ ಕೇಳಿ ಅವರು ನಗಲಿಲ್ಲ.

"ನಿಮ್ಮ ಸಂಘದವರು ದಿನಾ ಯಾಕ ಫೋನ್ ಮಾಡ್ತಾರ್ರಿ ನಿರ್ಮಲಾ ಅವರ? ಯಂತ್ರ ಕೆಟ್ಟೈತಿ ಅಂತೇನು?"

ನಿರ್ಮಲಾ ಯೋಚಿಸಿದಳು. "ಇಲ್ರೀ ಸರ್. ಪತ್ರ ಕಾಣ್ವಲ್ದು, ಪಟ್ಟಿ ಕೆಟ್ಟೈತಿ, ಅಕ್ಷರ ಬ್ಯಾರೆ ಬರಾಕತ್ತಾವು, ಹಿಂಗ ಅಂತಾರ. ನಾ ಬಂದ್ ಮಾಡಿ ಚಾಲೂ ಮಾಡ್ತೇನಿ."

"ಅದಕ್ಕ ಸರಿ ಆಗ್ತೈತೇನು?"

"ಒಮ್ಮೊಮ್ಮೆ."

"ಸರಿ ಆಗದ ಆ ಉಳಿದ ಒಮ್ಮೊಮ್ಮೆ ಸಲುವಾಗಿ ಈ ಕೋರ್ಸು ನೋಡ್ರಿ" ಎಂದರು ಯೂಸುಫಸಾಬರು.

ಅಲ್ಲಿಂದ ಮನೆಯ ಕೆಲಸಗಳೆಲ್ಲ ಕೈ ಬದಲಾಯಿಸಿದವು. ಬೆಳಗಿನ ರೊಟ್ಟಿ ಪೂರಾ ಶೇಖವ್ವನದು. ನಳದ ನೀರು ಹಿಡಿಯುವುದು ದುರ್ಗೇಶನ ಪಾಲಿಗೆ ಬಂತು. ಮೊದಲ ವಾರ ಸರತಿಯ ಹೆಂಗಸರು ಚುಡಾಯಿಸಿದರು, ಎರಡನೆಯ ವಾರ ಅವನ ಕೊಡಕ್ಕೆ ಜಾಗ ಬಿಟ್ಟರು. ಕೈಗೆ ಮೆಹಂದಿ ಹಚ್ಚಿಕೊಂಡ ಮದುಮಗಳು ಮುಟ್ಟುವಂತಿಲ್ಲದೆ ಬಾಯಲ್ಲೇ ಪಾಠ ಮಾಡಿದಳು. ಮದುವೆ ಸಾಂಗವಾಗಿ ಆಯಿತು. ಸೋದರಮಾವನ ಹಸಿರು ಸೀರೆ ಬಂತು, ದೇವವ್ವ ಮುಂದೆ ನಿಂತು ಅಕ್ಕಿಕಾಳು ಹಾಕಿದಳು. ಪಂಕ್ತಿಯಲ್ಲಿ ಬಡಿಸುವಾಗ "ಪರಮಪೂಜ್ಯರಿಗೆ ಇನ್ನೊಂದು ಹೋಳಿಗಿ" ಎಂದು ಲೈನ್‌ಮನ್ನನ ಎಲೆಗೆ ಯಾರೋ ಮೂರು ಹಾಕಿದರು.

ಜೂನ್ ಇಪ್ಪತ್ತಕ್ಕೆ ರಾಣೇಬೆನ್ನೂರಿನಲ್ಲಿ ಪರೀಕ್ಷೆ. ಬೇಡವೆಂದರೂ ಶೇಖವ್ವ ಬುತ್ತಿ ಕಟ್ಟಿಕೊಂಡು ಬಂದು ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಒಳಗೆ ಗಂಟೆ ಹೊಡೆಯಿತು. ನಿರ್ಮಲಾಳ ಬೆರಳು ನಡುಗಿದವು, ಮೊದಲ ಪ್ರಶ್ನೆಯ ಅಕ್ಷರಗಳೇ ಕಣ್ಣಿಗೆ ಹತ್ತಲಿಲ್ಲ. ಐದು ನಿಮಿಷ ಹಾಗೆಯೇ ಹೋಯಿತು. ಎಲ್ಲ ಮುಗಿಯಿತು ಅಂದುಕೊಂಡಳು.

ಅಷ್ಟರಲ್ಲಿ ಪಕ್ಕದ ಹುಡುಗಿಯ ಮಾನಿಟರು ಕಪ್ಪಾಯಿತು. ಹುಡುಗಿ ಅಳತೊಡಗಿದಳು. ಮೇಲ್ವಿಚಾರಕ ಬಂದು ಗುಂಡಿ ಒತ್ತಿದ, ಪರದೆಯ ತಲೆಗೆ ಎರಡೇಟು ಹೊಡೆದ, ಕೊನೆಗೆ ಫೋನು ಹುಡುಕತೊಡಗಿದ. ನಿರ್ಮಲಾಳಿಗೆ ಕೂರಲಾಗಲಿಲ್ಲ. ಎದ್ದು ಮೇಜಿನ ಹಿಂದೆ ಬಗ್ಗಿ ವಾಯರು ಕಿತ್ತು ನೋಡಿದಳು. ಅದರ ತುದಿಯ ಒಂದು ಮುಳ್ಳು ಬಾಗಿತ್ತು. ಬಳೆಗೆ ಸಿಗಿಸಿದ್ದ ಪಿನ್ನು ತೆಗೆದು ಅದನ್ನು ನೆಟ್ಟಗೆ ಮಾಡಿ, ವಾಯರು ಮತ್ತೆ ಕೂರಿಸಿದಳು. ಪರದೆ ಬೆಳಗಿತು.

"ನೀವು ಪರೀಕ್ಷಾ ಬರಿಯಾಕ ಬಂದೀರೋ, ರಿಪೇರಿಗೆ ಬಂದೀರೋ?" ಎಂದು ಮೇಲ್ವಿಚಾರಕ ಕೇಳಿದ.

"ಎರಡಕ್ಕೂ ರೀ" ಎಂದು ತನ್ನ ಜಾಗಕ್ಕೆ ಬಂದು ಕುಳಿತಾಗ ಅವಳ ಬೆರಳುಗಳು ನಡುಗುತ್ತಿರಲಿಲ್ಲ. ಗೊತ್ತಿದ್ದ ಕೆಲಸ ಮಾಡಿದ ಕೈಗೆ ತನ್ನ ಮೇಲೆ ತನಗೇ ನಂಬಿಕೆ ಬಂದಿತ್ತು. ಕಳೆದ ಹನ್ನೆರಡು ನಿಮಿಷ ಬಿಟ್ಟು ಉಳಿದದ್ದನ್ನು ಓಡೋಡಿ ಮಾಡಿದಳು. ಕೊನೆಯ ಗುಂಡಿ ಒತ್ತಿದೊಡನೆ ಪರದೆಯೇ ಫಲಿತಾಂಶ ಹೇಳಿತು. ನೂರಕ್ಕೆ ಎಪ್ಪತ್ತು ಬೇಕಿತ್ತು, ಎಪ್ಪತ್ಮೂರು ಬಂದಿತ್ತು.

ಹೊರಗೆ ಶೇಖವ್ವ ಸೊಸೆಯ ಮುಖ ನೋಡಿಯೇ ಬುತ್ತಿಯ ಗಂಟು ಬಿಚ್ಚಿದಳು. ಪಕ್ಕದ ಹುಡುಗಿಗೂ ಒಂದು ರೊಟ್ಟಿ ಸಿಕ್ಕಿತು.

ಸರ್ಟಿಫಿಕೇಟನ್ನು ಹಾವೇರಿಗೆ ಒಯ್ದ ದಿನ ವಿಜಯಮಹಾಂತೇಶ ಅದನ್ನು ಒಂದು ಗಳಿಗೆ ನೋಡಿ ಫೈಲಿಗೆ ಹಾಕಿದರು. ನಾಲ್ಕು ತಿಂಗಳ ರಾದ್ಧಾಂತಕ್ಕೆ ಇಷ್ಟೇನೇ ಎಂದು ನಿರ್ಮಲಾಳಿಗೆ ನಗು ಬಂತು. ಆದರೆ ಅವರು ಇನ್ನೊಂದು ಕಾಗದ ಮುಂದೆ ತಳ್ಳಿದರು. ಕಾಯಂ ನೌಕರಿಯ ಆದೇಶ. ಅದರ ಕೆಳಗೆ ಇನ್ನೊಂದು ಸಾಲು.

ಸಂಜೆ ಮನೆಯಲ್ಲಿ ದುರ್ಗೇಶ ಅದನ್ನು ಗಟ್ಟಿಯಾಗಿ ಓದಿದ. ಮೂರೂ ಶಾಖೆಗಳ ಹದಿನಾಲ್ಕು ಗುಮಾಸ್ತರಿಗೆ ಪ್ರತಿ ಶನಿವಾರ ನಿರ್ಮಲಾ ಪಾಠ ಹೇಳಬೇಕು. ಆರು ತಿಂಗಳಿಗೊಮ್ಮೆ ಅವಳೇ ಪರೀಕ್ಷೆ ಮಾಡಬೇಕು.

ಮಾಲತೇಶಪ್ಪ "ಭೇಷ್" ಎಂದ. ಶೇಖವ್ವ ಮಾತ್ರ ಸೌಟು ಹಿಡಿದುಕೊಂಡೇ ನಿಂತಳು. ಆಕೆಯ ಮುಖದಲ್ಲಿ ಖುಷಿಯ ಜೊತೆಗೆ ಸಣ್ಣದೊಂದು ಚಿಂತೆ.

"ನಿರ್ಮಲಾ, ಪಾಪ, ವಯಸ್ಸಾದವ್ರೂ ಇರ್ತಾರವಾ. ಯಾರನ್ನೂ ನಪಾಸ ಮಾಡಬ್ಯಾಡ."

"ಬರದಿದ್ದವ್ರನ್ನ ನಪಾಸ ಮಾಡೇ ಮಾಡ್ತೇನಿ ಅತ್ತಿ" ಎಂದಳು ನಿರ್ಮಲಾ. "ಆದ್ರ ಬರೂತನಕ ಬಾಜೂಕ ಕುಂತಿರ್ತೇನಿ. ಯಾರೂ ಹೆದರೂದು ಬ್ಯಾಡ."